ಸೌಮ್ಯಾಳ ಕುಬಸದ ಫೋಟೋ

ನನ್ನನ್ನು ನೋಡಲು ಧಾರವಾಡಕ್ಕೆ ಬಂದ ದಿನ ನಮ್ಮ ಮನೆಯವರು ಒಂದು ತಟ್ಟೆ ಅವಲಕ್ಕಿ ತಿಂದು ಮುಗಿಸುವಷ್ಟರಲ್ಲಿ ಒಪ್ಪಿಗೆ ಹೇಳಿಬಿಟ್ಟಿದ್ದರು. ಅದೇ ಮನುಷ್ಯ ಫೋಟೋ ತಿದ್ದುವ ಒಂದು ಸಾಫ್ಟ್‌ವೇರನ್ನು ಒಪ್ಪಲು ದೀಪಾವಳಿಯಿಂದ ಶಿವರಾತ್ರಿಯವರೆಗೆ ತೆಗೆದುಕೊಂಡರು. ಅಂದು ಅಷ್ಟು ಬೇಗ ಹೇಗೆ ಒಪ್ಪಿದಿರಿ ಎಂದು ಕೇಳಿದೆ. ಅವಲಕ್ಕಿ ಚೆನ್ನಾಗಿತ್ತು ಎಂದರು.

ಎಲ್ಲಕ್ಕೂ ಮೂಲ ಆ ಕ್ಯಾಮೆರಾ. ಬಾಂದ್ರಾದ ಆಫೀಸಿನಿಂದ ಇವರು ನಿವೃತ್ತರಾದಾಗ ಜೊತೆಯವರೆಲ್ಲ ಸೇರಿ ಅದನ್ನು ಕೊಟ್ಟರು. ಒಂದು ಶಾಲು ಹೊದಿಸಿ, ಗಣಪತಿ ಮೂರ್ತಿ ಕೈಗಿಟ್ಟು ಕಳಿಸಿದ್ದರೆ ನಮ್ಮ ಮನೆಯಲ್ಲಿ ಶಾಂತಿ ಇರುತ್ತಿತ್ತು. ಭಾಂಡುಪ್‌ನ ನಮ್ಮ ಬಿಲ್ಡಿಂಗ್‌ನಿಂದ ರಿಕ್ಷಾ ಹಿಡಿದರೆ ಸಮುದ್ರದ ನೀರು ಒಳಬರುವ ಖಾಡಿಯ ದಂಡೆ ದೂರವಿಲ್ಲ. ಅಲ್ಲಿ ಫ್ಲೆಮಿಂಗೋ ಹಕ್ಕಿಗಳು ಬಂದಿಳಿಯುತ್ತವೆ. ಇವರು ಬೆಳಿಗ್ಗೆ ಎದ್ದು ಅವುಗಳ ಸೇವೆಗೆ ಹೊರಡುತ್ತಿದ್ದರು. ಬರುವಾಗ ಮೆಂತ್ಯ ಸೊಪ್ಪು ತನ್ನಿ ಎಂದರೆ ಮೆಂತ್ಯದ ಫೋಟೋ ತರುತ್ತಿದ್ದರು, ಮೆಂತ್ಯವನ್ನಲ್ಲ.

ತೆಗೆದ ಫೋಟೋಗಳೆಲ್ಲ ಲ್ಯಾಪ್‌ಟಾಪಿಗೆ ಬಂದು ಬೀಳುತ್ತಿದ್ದವು. ಅವನ್ನಿಡಲು ಇವರು ಮಾಡಿದ ಫೋಲ್ಡರುಗಳ ಹೆಸರು ಕೇಳಿ: ‘ಹೊಸದು’, ‘ಇನ್ನೂ ಹೊಸದು’, ‘ಖರೇ ಹೊಸದು’, ‘ಇದು ಹಳೇದು ಆದರ ಇರಲಿ’. ಯಾವುದಾದರೂ ಫೋಟೋ ಬೇಕೆಂದರೆ ಮಧ್ಯಾಹ್ನದ ಊಟ ಆರಿ ತಣ್ಣಗಾಗುವವರೆಗೂ ಹುಡುಕಬೇಕು. ಬಾಂದ್ರಾದಲ್ಲೇ ಕೆಲಸ ಮಾಡುವ ನಮ್ಮ ಮಗಳು ನಿಶಾಗೆ ಇದನ್ನು ನೋಡಿ ತಲೆ ಕೆಟ್ಟಿತು.

“ಪಪ್ಪಾ, ಒಂದು ಢಂಗ್ ಕಾ ಸಾಫ್ಟ್‌ವೇರ್ ತಗೋರಿ ನಾ. ಎಡಿಟ್ ಭೀ ಆಗತೈತಿ, ಫೋಟೋ ಭೀ ಸಂಭಾಳಸ್ತೈತಿ” ಎಂದಳು. ಅವಳ ಕನ್ನಡ ಹಾಗೆಯೇ, ಲೋಕಲ್ ರೈಲಿನಂತೆ ಎಲ್ಲ ಸ್ಟೇಷನ್ನಿನಲ್ಲೂ ಒಂದಿಷ್ಟು ಜನರನ್ನು ಹತ್ತಿಸಿಕೊಂಡು ಬರುತ್ತದೆ.

ಅಂದಿನಿಂದ ನಮ್ಮ ಹಾಲ್‌ನಲ್ಲಿ ವಿಡಿಯೋಗಳ ಜಾತ್ರೆ. ‘ಹಲೋ ಗೈಸ್’ ಎಂದು ಒಬ್ಬ ಹುಡುಗ ಶುರು ಮಾಡಿದರೆ ಕುಕ್ಕರ್ ಕೂಗುವವರೆಗೂ ಮಾತಾಡುತ್ತಿದ್ದ. ಅವನು ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಿದ್ದ. ಇವರು ಇಬ್ಬರಿಗೂ ತಲೆಯಾಡಿಸುತ್ತಿದ್ದರು. ಕೊನೆಗೆ ಮೂರು ಉಳಿದವು: ತಿಂಗಳು ತಿಂಗಳು ಬಾಡಿಗೆ ಕಟ್ಟುವುದೊಂದು, ಪುಕ್ಕಟೆಯದೊಂದು, ಒಂದೇ ಸಲ ಕೊಂಡುಬಿಡುವುದೊಂದು. ಚಹಾ ಕುಡಿಯುವಾಗ ನನ್ನೆದುರು ಆ ಮೂರರ ಜಾತಕ ಬಿಚ್ಚುತ್ತಿದ್ದರು.

“ಬಾಡಗಿ ಕಟ್ಟೂದು ಬಿಟ್ರ ನಮ್ಮ ಫೋಟೋಕ್ಕ ನಾವ ಪರದೇಶಿ ಆಗ್ತೀವಿ.”

“ಹಂಗಾದ್ರ ಪುಕ್ಕಟೇದ ತಗೋರಿ.”

“ಪುಕ್ಕಟೆ ಕೊಡಾಂವಗ ಏನೋ ಆಸೆ ಇರತೈತಿ.”

“ಕೊಂಡ ಬಿಡ್ರಿ ಹಂಗಾರ.”

“ಕೊಂಡ ಮರದಿನ ಹೊಸಾದು ಬಂತಂದ್ರ?”

ನಾನು ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಇವರು ಮತ್ತೆ ವಿಡಿಯೋ ಹಚ್ಚುತ್ತಿದ್ದರು.

ಹೀಗೇ ನಡೆದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಾನು ಒಂದು ದೊಡ್ಡಸ್ತಿಕೆಯ ಮಾತು ಆಡಿದೆ. ಡೊಂಬಿವಲಿಯಲ್ಲಿರುವ ನನ್ನ ಅಕ್ಕ ಸುಂದ್ರವ್ವನ ಮಗಳು ಸೌಮ್ಯಾ ಚೊಚ್ಚಲ ಬಸುರಿ. ಸಂಕ್ರಾಂತಿ ಆದಮೇಲೆ ಮಾಟುಂಗದ ಒಂದು ಹಾಲ್‌ನಲ್ಲಿ ಅವಳ ಕುಬಸ ಎಂದು ನಿಶ್ಚಯವಾಯಿತು. ಬೆಳಗಾವಿಯಿಂದ ಬೀಗರು ಬರುವವರಿದ್ದರು. ಅಕ್ಕ ಸ್ಟುಡಿಯೋದವನೊಬ್ಬನನ್ನು ಗೊತ್ತು ಮಾಡಿದ್ದಳು. “ಮನಿಯಾಗ ಫೋಟೋಗ್ರಾಫರ್ ಇರೂವಾಗ ಹೊರಗಿನಾಂವ ಯಾಕಬೇಕಕ್ಕಾ? ಇವರು ತಗೀತಾರ ತಗೋ” ಎಂದು ನಾನೇ ಹೇಳಿ, ಅವನನ್ನು ಬಿಡಿಸಿದೆ. ಅಕ್ಕನಿಗೆ ಅನುಮಾನವಿತ್ತು. ಆದರೆ ತಂಗಿಯ ಮಾತಿಗೆ ಇಲ್ಲ ಎನ್ನಲಿಲ್ಲ.

ಕುಬಸದ ದಿನ ಇವರ ಓಡಾಟ ನೋಡಬೇಕಿತ್ತು. ಕುರ್ಚಿ ಹತ್ತಿದರು, ಮಂಡಿಯೂರಿದರು, ಆರತಿ ತಟ್ಟೆಗೆ ತಲೆ ತಾಗಿಸಿಕೊಂಡರು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮಾಟುಂಗದ ಮಾರ್ಕೆಟ್ಟಿನಲ್ಲಿ ಕಟ್ಟಿಸಿದ ಮೊಗ್ಗಿನ ಜಡೆ, ಇಷ್ಟೆಲ್ಲ ಹೊತ್ತು ಕುಳಿತ ಸೌಮ್ಯಾಳನ್ನು ನೋಡಿ ನನಗೆ ಕಣ್ಣು ತುಂಬಿತು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅರಿಸಿನ ಕುಂಕುಮ ಹಚ್ಚಿ, ಉಡಿ ತುಂಬಿ, ಹಾಡು ಹೇಳಿದರು.

ಅಕ್ಕನ ಅತ್ತೆ ಅಂಬವ್ವ ಮಾತ್ರ ಹಿಂದಿನ ಸಾಲಿನ ಕುರ್ಚಿ ಬಿಟ್ಟು ಏಳಲಿಲ್ಲ. ಗಂಡ ತೀರಿಕೊಂಡಂದಿನಿಂದ ಇಂಥ ಕಾರ್ಯಗಳಲ್ಲಿ ಆಕೆ ಮುಂದೆ ಬರುವುದಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು, ಕಡಬಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಹಾಡು ತಪ್ಪಿದವರನ್ನು ಅಲ್ಲಿಂದಲೇ ತಿದ್ದುತ್ತಿದ್ದಳು. ಕೊನೆಗೆ ಹೆಂಗಸರೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ಸೌಮ್ಯಾ ತಾನೇ ಎದ್ದು ಹೋಗಿ, ಅಜ್ಜಿಯ ಕೈ ಹಿಡಿದು ಎಳೆದು ತಂದು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು. “ಬಿಡs ಹುಡುಗಿ, ಸಾಲಿನ್ಯಾಗ ನಾ ಎದಕ್ಕ?” ಎನ್ನುತ್ತಲೇ ಅಂಬವ್ವ ಸೆರಗು ಸರಿಮಾಡಿಕೊಂಡಳು. ಇವರು ಕ್ಲಿಕ್ ಮಾಡಿದರು.

ಫೋಟೋ ತೆಗೆದದ್ದಾಯಿತು. ಕೊಡುವುದು ಯಾವಾಗ?

“ಮೊದಲ ಸಾಫ್ಟ್‌ವೇರ್ ಪಕ್ಕಾ ಆಗ್ಲಿ” ಎಂದರು ಇವರು. “ಕಚ್ಚಾ ಫೋಟೋ ಯಾರರ ಕೊಡ್ತಾರೇನು?”

ಅಕ್ಕ ಮೊದಲ ವಾರ ನಗುತ್ತ ಕೇಳಿದಳು. ಎರಡನೆಯ ವಾರ ಸುಮ್ಮನೆ ಕೇಳಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬೆಳಗಾವಿಯ ಬೀಗಿತ್ತಿ ದಿನಾ ಫೋನ್ ಮಾಡಿ, “ಫೋಟೋ ಬಂದೂವೇನ್ರಿ?” ಎನ್ನುತ್ತಾಳಂತೆ, ಅಕ್ಕ ದಿನಾ ಒಂದು ಸುಳ್ಳು ಹುಡುಕುತ್ತಾಳಂತೆ. ಇದನ್ನು ನನಗೆ ಹೇಳಿದ್ದು ಸೌಮ್ಯಾ. ಮಗಳ ಚೊಚ್ಚಲ ಕುಬಸಕ್ಕೆ ಒಂದು ಫೋಟೋಗ್ರಾಫರನ್ನೂ ಇಡಲಾಗಲಿಲ್ಲ ಎಂದು ಬೀಗರು ಆಡಿಕೊಂಡರೆ ಆ ಮಾತು ಅಕ್ಕನಿಗೆ ತಾಗುತ್ತದೆ, ಅದಕ್ಕೆ ಕಾರಣ ನಾನು.

ಶಿವರಾತ್ರಿಯ ಬೆಳಿಗ್ಗೆ ನಿಶಾ ಲ್ಯಾಪ್‌ಟಾಪ್ ತೆಗೆದು ಇವರ ಮುಂದಿಟ್ಟಳು. “ಪಪ್ಪಾ, ಬಸ್. ಇವತ್ತು ಒಂದು ಚೂಸ್ ಮಾಡ್ರಿ, ನಹೀಂ ತೋ ನಾನs ಮಾಡ್ತೀನಿ.” ಇವರು ಕಣ್ಣು ಮುಚ್ಚಿ ದೇವರ ಹೆಸರು ಹೇಳಿ, ನಾನು ಅದುವರೆಗೂ ಹೆಸರೇ ಕೇಳಿರದ ನಾಲ್ಕನೆಯದೊಂದನ್ನು ಆರಿಸಿದರು. ಎಷ್ಟೊಂದು ತಿಂಗಳು ಮೂರನ್ನು ತೂಗಿ ನೋಡಿದ್ದು ಸುಮ್ಮನೇ ಆಯಿತು.

ಆ ನಾಲ್ಕನೆಯದರಲ್ಲಿ ಒಂದು ಬಟನ್ ಇತ್ತು. ಅದನ್ನು ಒತ್ತಿದರೆ ಮುಖದ ಕಲೆ, ಮೊಡವೆ, ಎಣ್ಣೆಯ ಹೊಳಪು ಎಲ್ಲವನ್ನೂ ತಾನೇ ಹುಡುಕಿ ತೆಗೆಯುತ್ತದಂತೆ. ಇವರು ನಿಶಾಳ ಫೋಟೋ ಮೇಲೆ ಪರೀಕ್ಷೆ ಮಾಡಿದರು. ನಿಶಾ ಹಣೆಗೆ ಏನೂ ಇಟ್ಟುಕೊಳ್ಳುವವಳಲ್ಲ. ಅವಳ ಮುಖ ಬೆಳ್ಳಿ ಬಟ್ಟಲಿನ ಹಾಗೆ ಫಳಫಳ ಹೊಳೆಯಿತು. ಇವರಿಗೆ ಹಿಗ್ಗೋ ಹಿಗ್ಗು. ಕುಬಸದ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ ಅದೇ ಬಟನ್ ಒತ್ತಿದರು. ಮೂಲ ಫೋಟೋದ ಮೇಲೆಯೇ ಉಳಿಸಲೇ ಎಂದು ಅದು ಕೇಳಿತು. ಒಂದೇ ಫೋಟೋ ಎರಡೆರಡು ಕಡೆ ಇದ್ದರೆ ಗೊಂದಲವಾಗುತ್ತದೆ ಎಂದು ವಿಡಿಯೋದ ಹುಡುಗ ಹೇಳಿದ್ದನಂತೆ. ಇವರು ಹೂಂ ಎಂದರು. ಕ್ಯಾಮೆರಾದ ಕಾರ್ಡಿನಲ್ಲಿದ್ದ ಫೋಟೋಗಳನ್ನು ಅಳಿಸಿ, ಫ್ಲೆಮಿಂಗೋಗಳಿಗೆ ಜಾಗ ಮಾಡಿಕೊಟ್ಟು ಆಗಲೇ ತಿಂಗಳಾಗಿತ್ತು.

ಕೆಲಸ ಮುಗಿದೊಡನೆ, ಒಂದನ್ನೂ ತೆರೆದು ನೋಡದೆ, ಎಲ್ಲವನ್ನೂ ಅಕ್ಕನ ವಾಟ್ಸಾಪಿಗೆ ಕಳಿಸಿದರು. ನಾನು ನೆಮ್ಮದಿಯಿಂದ ಶಿವರಾತ್ರಿಯ ಉಪವಾಸಕ್ಕೆ ಸಾಬೂದಾಣಿ ನೆನೆಸುತ್ತಿದ್ದೆ. ಅಷ್ಟರಲ್ಲಿ ಫೋನ್ ಬಂತು.

“ಮಹಾದೇವಿ, ಏನ ಮಾಡ್ಯಾರs ನಿನ್ನ ಗಂಡ?” ಅಕ್ಕ ಕೂಗಿದಳು. “ನನ್ನ ಮಗಳ ಹಣಿ ಬರೇ ಐತಿ! ಹಸರ ಸೀರಿ ಉಟಗೊಂಡು, ಏಳು ತಿಂಗಳ ಬಸರಿ ಕುಂತಾಳ, ಹಣಿ ಬರೇ! ನಂದೂ ಬರೇ! ಬೀಗಿತ್ತೀದೂ ಬರೇ! ಇದನ್ನ ಬೆಳಗಾವಿಗೆ ಹೆಂಗ ಕಳಸಲಿ?”

ನಾನು ಕೈ ಒರೆಸಿಕೊಂಡು ಓಡಿಬಂದು ನೋಡಿದೆ. ಹೌದು. ಆ ಸಾಫ್ಟ್‌ವೇರ್ ಕುಂಕುಮವನ್ನು ಮೊಡವೆ ಎಂದು ತಿಳಿದಿತ್ತು. ಹೆಂಗಸರ ಹಣೆಯನ್ನೆಲ್ಲ ಉಜ್ಜಿ ತೊಳೆದಿತ್ತು. ಅಕ್ಕನ ಗಂಡ ಮುರಿಗೆಪ್ಪ ಮಾಮಾನ ಮೂರು ಬೆರಳಿನ ವಿಭೂತಿಯನ್ನೂ ಬೆಳಕಿನ ಕಲೆ ಎಂದು ಒರೆಸಿತ್ತು.

“ಚರ್ಮ ನೋಡs, ಎಷ್ಟ ನುಣುಪ ಆಗೇತಿ” ಎಂದರು ಇವರು, ಇನ್ನೂ ತಿಳಿಯದೆ.

ನಾನು ಅವರ ಮುಂದೆ ನನ್ನ ಫೋಟೋ ಹಿಡಿದೆ. “ನನ್ನ ಹಣೀನೂ ಬರೇ ಮಾಡೀರಿ. ನೀವಿನ್ನೂ ಅದೀರಿ, ನೆನಪೈತೇನು?”

ಇವರ ಮುಖ ಸಣ್ಣದಾಯಿತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಒಂದೊಂದೇ ಫೋಟೋ ನೋಡಿದರು. ಮೂಲ ಎಲ್ಲೂ ಇರಲಿಲ್ಲ. ‘ಖರೇ ಹೊಸದು’ ಫೋಲ್ಡರಿನಲ್ಲೂ ಇರಲಿಲ್ಲ. ಆದರೂ ಮತ್ತೆ ಮೊದಲಿನಿಂದ ಒಂದೊಂದೇ ಫೋಲ್ಡರು ತೆರೆದು ಹುಡುಕತೊಡಗಿದ್ದು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ಪಾಪ ಅನ್ನಿಸಿತು. ಇನ್ನರ್ಧ ಸಿಟ್ಟನ್ನು ಮುಂದೆ ಬೇಕಾದೀತೆಂದು ಇಟ್ಟುಕೊಂಡೆ.

ದಾರಿ ತೋರಿಸಿದವಳು ನಿಶಾ. ಅದರಲ್ಲೇ ಬಣ್ಣದ ಬ್ರಶ್ ಒಂದಿದೆ, ಕೆಂಪು ಆರಿಸಿಕೊಂಡು ಹಣೆಯ ಮೇಲೆ ಒತ್ತಿದರೆ ಕುಂಕುಮದ ಹಾಗೆಯೇ ಕೂರುತ್ತದೆ ಎಂದಳು. ಇವರಿಗೆ ಜೀವ ಬಂತು. ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿ, “ನೋಡ್ರಿ, ಈಗಿಂದೀಗ ಹಚ್ಚತೀನಿ” ಎಂದು ಸೌಮ್ಯಾಳ ಹಣೆಯತ್ತ ಬಾಣದ ಗುರುತು ಒಯ್ದರು.

“ಏ, ತಡೀರಿ ತಡೀರಿ!” ಅಕ್ಕ ಆ ಕಡೆಯಿಂದ ಕೂಗಿದಳು. “ಪರಗಂಡಸರು ಮುತ್ತೈದೇರ ಹಣೀಗೆ ಕುಂಕುಮ ಹಚ್ಚೂದಂದ್ರ ಏನ್ರಿ ಕಾಶಿನಾಥಪ್ಪಾ? ನನಗೂ ನೀವs ಹಚ್ಚಾವ್ರೇನು? ನನ್ನ ಗಂಡ ಇಲ್ಲೇ ಬಾಜೂಕ ಕುಂತಾರ!”

ಇವರು ಬಿಸಿ ಹಂಚು ಮುಟ್ಟಿದವರ ಹಾಗೆ ಮೌಸ್ ಬಿಟ್ಟರು.

“ಮಹಾದೇವಿ ಹಚ್ಚಲಿ” ಎಂದಳು ಅಕ್ಕ. “ಆಕಿ ಮುತ್ತೈದಿ. ಆಕಿ ಹಚ್ಚಿದ್ರ ನಡೀತೈತಿ.”

ಹೀಗೆ, ಲ್ಯಾಪ್‌ಟಾಪಿನ ಮೇಲಿನ ಧೂಳು ಒರೆಸುವುದಷ್ಟೇ ಗೊತ್ತಿದ್ದ ನಾನು ಫೋಟೋ ಎಡಿಟರ್ ಆದೆ. ಮೊದಲ ಕುಂಕುಮ ಸೌಮ್ಯಾಳ ಮೂಗಿನ ಮೇಲೆ ಬಿತ್ತು. ಎರಡನೆಯದು ಜಡೆಯ ಮೊಗ್ಗಿಗೆ ಹತ್ತಿತು. ನಿಶಾ ಹಿಂದೆ ನಿಂತು ನನ್ನ ಕೈ ನೋಡಿ ನಗತೊಡಗಿದಳು. “ಮಮ್ಮಿ, ಯೇ ಕ್ಯಾ? ಆ ಬೆರಳಿಲೆ ಯಾಕ ಒತ್ತಾಕತ್ತೀ?” ನೋಡಿದರೆ ನಾನು ಉಂಗುರ ಬೆರಳಿನಿಂದ ಮೌಸ್ ಒತ್ತುತ್ತಿದ್ದೆ. ಕುಂಕುಮ ಹಚ್ಚುವುದು ಆ ಬೆರಳಿನಿಂದಲೇ ಅಲ್ಲವೇ! ಬೇರೆ ಬೆರಳಿನಿಂದ ಒತ್ತಿ ನೋಡಿದೆ, ಮನಸ್ಸು ಒಪ್ಪಲಿಲ್ಲ. ಉಂಗುರ ಬೆರಳೇ ಇರಲಿ ಎಂದೆ.

ಎರಡು ಮೂರು ಹಣೆ ಆಗುವಷ್ಟರಲ್ಲಿ ಕೈ ಕುದುರಿತು. ಆಮೇಲೆ ನಿಜ ಹೇಳುತ್ತೇನೆ, ಖುಷಿಯಾಯಿತು. ಬೀಗಿತ್ತಿಗೆ ಅರಿಸಿನದ ಮೇಲೆ ಕುಂಕುಮ, ಅಕ್ಕನಿಗೆ ದುಂಡಗೆ, ಅಕ್ಕನ ನೆರೆಮನೆಯ ವೈಶಾಲಿಗೆ ಸಾಸಿವೆಯಷ್ಟು ಟಿಕಳಿ. ಒಬ್ಬೊಬ್ಬರ ಹಣೆ ಬಂದಾಗಲೂ ಅವರ ಮನೆ, ಮಕ್ಕಳು, ಕಾಲುನೋವು ಎಲ್ಲ ನೆನಪಾಗಿ, ಮನಸ್ಸಿನಲ್ಲೇ ಚೆನ್ನಾಗಿರ್ರಿ ಎಂದುಕೊಂಡು ಹಚ್ಚಿದೆ. ನನ್ನ ಹಣೆಗೆ ಮಾತ್ರ ಇವರ ಕೈಯಿಂದ ಹಚ್ಚಿಸಿದೆ. ತಪ್ಪು ಮಾಡಿದವರು ಅಷ್ಟಾದರೂ ಮಾಡಲಿ. ಗಂಡಸರ ಪಾಳಿ ಬಂದಾಗ ನಾನು ಎದ್ದು ಇವರಿಗೆ ಕುರ್ಚಿ ಬಿಡುತ್ತಿದ್ದೆ. ಇವರು ಬ್ರಶ್ಶಿಗೆ ಬಿಳಿ ಬಣ್ಣ ಕೊಟ್ಟು ವಿಭೂತಿ ಬಳಿದು ಏಳುತ್ತಿದ್ದರು. ಮುರಿಗೆಪ್ಪ ಮಾಮಾನಿಗೆ ಎಷ್ಟು ಬಳಿದರೆಂದರೆ ಮಠದ ಸ್ವಾಮಿಗಳ ಹಾಗೆ ಕಂಡ.

ಸಾಯಂಕಾಲಕ್ಕೆ ಮುಗಿಯಿತು. ಅಕ್ಕನಿಗೆ ಕಳಿಸಿದೆವು. ಸೌಮ್ಯಾಳ ಹಣೆ ನೋಡಿ ಅಕ್ಕ, “ಈಗ ಕಳೆ ಬಂತವಾ” ಎಂದಳು. ಆ ಮಾತು ಕೇಳಿ ನನ್ನ ಎದೆಯ ಭಾರ ಇಳಿಯಿತು. ಅವಳು ಹಿಂದೆ ಮುಂದೆ ನೋಡದೆ ಎಲ್ಲವನ್ನೂ ಬೆಳಗಾವಿಗೆ ಕಳಿಸಿಬಿಟ್ಟಳು.

ಮರುದಿನ ನಾನು ಉಪವಾಸ ಬಿಟ್ಟು ಮೊದಲ ತುತ್ತು ಬಾಯಿಗಿಡುವಾಗ ಮತ್ತೆ ಅಕ್ಕನ ಫೋನ್. ಈ ಸಲ ಅವಳು ಕೂಗಲಿಲ್ಲ. ಪಿಸುದನಿಯಲ್ಲಿ, “ಸಾಲಾಗಿ ನಿಂತ ಫೋಟೋ ನೋಡು. ನಮ್ಮ ಅತ್ತೀನ್ನ ನೋಡು” ಎಂದಳು.

ನೋಡಿದೆ. ಸೌಮ್ಯಾಳ ಪಕ್ಕದಲ್ಲಿ ಅಂಬವ್ವ ಅತ್ತಿ, ಹಣೆಯಲ್ಲಿ ಕೆಂಪು ಕುಂಕುಮ.

ಆಕೆಯ ವಿಭೂತಿಯೂ ಅಳಿಸಿ ಹೋಗಿತ್ತು. ಆ ಸಾಲಿನಲ್ಲಿ ಎಲ್ಲರ ಹಣೆಯೂ ಒಂದೇ ಥರ ಬರಿದಾಗಿ, ಯಾರು ಮುತ್ತೈದೆ ಯಾರು ಅಲ್ಲ ಎಂಬ ಗುರುತೇ ಉಳಿದಿರಲಿಲ್ಲ. ನಾನು ಈ ತುದಿಯಿಂದ ಆ ತುದಿಗೆ ಹಚ್ಚುತ್ತ ಹೋಗಿದ್ದೆ. ಆಕೆಗೆ ಬಂದಾಗ ಬಿಳಿಗೆ ಬದಲಿಸಬೇಕಿತ್ತು, ಬದಲಿಸಲಿಲ್ಲ.

“ಬೀಗರು ನೋಡ್ಯಾರ” ಎಂದಳು ಅಕ್ಕ. “ನಿಮ್ಮ ಮನಿ ಹಿರ್ಯಾರಿಗೆ ಏನ್ರಿ ಇದು ಅಂತ ಕೇಳ್ಯಾಳ ಬೀಗಿತ್ತಿ. ಅತ್ತೀನೂ ನೋಡ್ಯಾಳ. ಸೌಮ್ಯಾನ ಫೋನ್ ಇಸಗೊಂಡು ಒಳಗ ಹೋಗಿ ಕುಂತಾಳ. ನಾಷ್ಟಾಕ್ಕ ಕರದ್ರ ಓ ಅನ್ನವಲ್ಲಳು.”

ಗಂಡನನ್ನು ಕಳೆದುಕೊಂಡು ಇಷ್ಟು ವರ್ಷ ಹಿಂದಿನ ಕುರ್ಚಿಯಲ್ಲಿ ಕೂತ ಮುದುಕಿಯನ್ನು ನಾನು ಎಲ್ಲರ ಮುಂದೆ ನಗೆಗೀಡು ಮಾಡಿದೆನಲ್ಲ ಎನ್ನಿಸಿತು. ಇವರು ಲ್ಯಾಪ್‌ಟಾಪ್ ತೆರೆದು, ಆ ಕೆಂಪು ಅಳಿಸಿ, ಬಿಳಿಯಲ್ಲಿ ನೀಟಾಗಿ ವಿಭೂತಿ ಎಳೆದು, ನನ್ನ ಫೋನಿಗೆ ಕಳಿಸಿಕೊಟ್ಟರು. “ನಾನೂ ಬರಲೇನು?” ಎಂದರು. ಬೇಡ ಎಂದೆ. ಡೊಂಬಿವಲಿ ಲೋಕಲ್ ಹತ್ತಿ ಕೂತು, ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದೆ. ಇಳಿಯುವವರೆಗೂ ಹೊಳೆಯಲಿಲ್ಲ.

ಅಕ್ಕ ಬಾಗಿಲು ತೆರೆದು ಒಳಗಿನ ಕೋಣೆಯತ್ತ ಕಣ್ಣು ತೋರಿಸಿದಳು. ಅಂಬವ್ವ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರಕ್ಕೆ ಒಯ್ದು ನೋಡುತ್ತಿದ್ದಳು. ನಾನು ಹೋಗಿ ಕಾಲು ಮುಟ್ಟಿದೆ.

“ಅತ್ತೀ, ತಪ್ಪಾತು. ಬೇಕಂತ ಮಾಡಿದ್ದಲ್ಲರಿ. ಸರಿ ಮಾಡಿ ತಂದೀನಿ, ನೋಡ್ರಿ” ಎಂದು ನನ್ನ ಫೋನ್ ಮುಂದೆ ಹಿಡಿದೆ.

ಆಕೆ ಅದನ್ನು ನೋಡಿದಳು. ತನ್ನ ಕೈಯಲ್ಲಿದ್ದುದನ್ನೂ ನೋಡಿದಳು. ಅಕ್ಕ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು.

“ಬೀಗಿತ್ತಿ ಏನೋ ಅಂದಳಂತ?” ಎಂದು ಕೇಳಿದಳು ಅಂಬವ್ವ.

“ನೀವ ಮನಸಿಗೆ ಹಚಗೋಬ್ಯಾಡ್ರಿ ಅತ್ತಿ” ಎಂದಳು ಅಕ್ಕ.

“ನಾ ಯಾಕ ಹಚಗೊಳ್ಳಲಿ? ಆಕಿ ನನ್ನ ಕೇಳಲಿ, ನಾ ಹೇಳ್ತೀನಿ.” ಅಂಬವ್ವ ನನ್ನ ಫೋನನ್ನು ಪಕ್ಕಕ್ಕೆ ಸರಿಸಿದಳು. ಸೌಮ್ಯಾಳ ಫೋನನ್ನು ನನ್ನತ್ತ ತಿರುಗಿಸಿ, ಅದರಲ್ಲಿದ್ದ ತನ್ನ ಹಣೆಯ ಮೇಲೆ ಬೆರಳಿಟ್ಟಳು. ದನಿಯಲ್ಲಿ ಸಿಟ್ಟಿತ್ತು. ಆದರೆ ಅದು ನಾನು ಹೆದರಿಕೊಂಡು ಬಂದ ಸಿಟ್ಟಲ್ಲ.

“ಇದೇನವಾ ಮಹಾದೇವಿ, ಇಷ್ಟs ಇಷ್ಟ ಹಚ್ಚೀಯಲ್ಲ? ನಾ ರೂಪಾಯಿ ಅಗಲ ಹಚಗೋತಿದ್ದೆ. ಓಣ್ಯಾಗ ಬಂದ್ರ ಮೊದಲ ಕುಂಕುಮ ಕಾಣತಿತ್ತು, ಆಮ್ಯಾಲ ನಾ. ಹಚ್ಚೂದಿದ್ರ ಸರಿಯಾಗಿ ಹಚ್ಚು.”